ಮಂತ್ರಿಯ ಮಾತು, ಸಂಜಯನ ಮಾತು

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ರಾಜರ ಕಾಲದಲ್ಲಿ ಮಂತ್ರಿಯಾದವನು ರಾಜನ ಕಿವಿಯಲ್ಲಿ ಮಾತನಾಡುತ್ತಿದ್ದನು. ಪ್ರಜೆಗಳ ಕಾಲದಲ್ಲಿ ಚುನಾವಣಾ ತಂತ್ರಜ್ಞನು ಅಭ್ಯರ್ಥಿಯ ಕಿವಿಯಲ್ಲಿ ಮಾತನಾಡುತ್ತಾನೆ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಆಳುವವರಿಗೆ ಆಲೋಚನೆ ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದರು, ಮುಂದೆಯೂ ಇರುತ್ತಾರೆ. ಆದರೆ ನಮ್ಮ ಕಾಲದಲ್ಲಿ ಒಂದು ಹೊಸ ಸಂಗತಿ ಕಾಣಿಸಿಕೊಂಡಿದೆ. ನಿನ್ನೆಯವರೆಗೆ ಒಬ್ಬರ ಕಿವಿಯಲ್ಲಿ ಗುಟ್ಟಾಗಿ ಮಾತನಾಡುತ್ತಿದ್ದವನು ಇಂದು ದೂರದರ್ಶನದ ಪರದೆಯ ಮೇಲೆ ಕುಳಿತು ಲಕ್ಷಾಂತರ ಜನರಿಗೆ ಲೋಕದ ವ್ಯವಹಾರವನ್ನು ವಿವರಿಸುತ್ತಾನೆ. ಅವನ ಸ್ಥಾನ ಬದಲಾಯಿತು; ಅವನ ಧರ್ಮವೂ ಬದಲಾಯಿತೆ? ಈ ಪ್ರಶ್ನೆಯನ್ನು ಒಬ್ಬ ವ್ಯಕ್ತಿಯ ವೃತ್ತಿಜೀವನದ ಮೂಲಕ ಪರಿಶೀಲಿಸಬೇಕೆಂಬುದು ಈ ಚಿಕ್ಕ ಲೇಖನದ ಉದ್ದೇಶ. ಆ ವ್ಯಕ್ತಿ ಅಮೆರಿಕದ ಡಿಕ್ ಮಾರಿಸ್.

ಅಮೆರಿಕದವರೊಬ್ಬರ ವಿಷಯ ನಮಗೇಕೆ ಎಂದು ಸಹಪಾಠಿಗಳು ಕೇಳಬಹುದು. ಅದಕ್ಕೆ ಎರಡು ಉತ್ತರಗಳಿವೆ. ಚುನಾವಣೆ ಗೆಲ್ಲಿಸಿಕೊಡುವುದು ಒಂದು ಸ್ವತಂತ್ರ ವೃತ್ತಿಯಾಗಿ ಬಲಿತದ್ದು ಮೊದಲು ಆ ದೇಶದಲ್ಲಿ. ಬೀಜವನ್ನು ನೋಡಿ ತಿಳಿಯುವುದಕ್ಕಿಂತ ಬೆಳೆದ ಮರವನ್ನು ನೋಡಿ ತಿಳಿಯುವುದು ಸುಲಭ. ಎರಡನೆಯದಾಗಿ, ನಮ್ಮ ದೇಶದ ಒಬ್ಬರ ಹೆಸರನ್ನು ಎತ್ತಿಕೊಂಡರೆ ಓದುವವರಲ್ಲಿ ಅರ್ಧ ಜನ ಒಂದು ಪಕ್ಷಕ್ಕೂ ಇನ್ನರ್ಧ ಜನ ಮತ್ತೊಂದು ಪಕ್ಷಕ್ಕೂ ನಿಂತು ಮೂಲಪ್ರಶ್ನೆಯೇ ಮರೆತುಹೋಗುತ್ತದೆ. ದೂರದ ಊರಿನ ಜಗಳವನ್ನಾದರೆ ನಾವು ಕೋಪವಿಲ್ಲದೆ ವಿಚಾರಿಸಬಹುದು.

ಮಾರಿಸರು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿ ಬೆಳೆದವರು. ಕೊಲಂಬಿಯ ವಿಶ್ವವಿದ್ಯಾಲಯದ ಪದವೀಧರರು. ಓದುವ ಕಾಲದಿಂದಲೇ ನಗರದ ಚಿಲ್ಲರೆ ಚುನಾವಣೆಗಳಲ್ಲಿ ಕೈಯಾಡಿಸಿದ ಅವರಿಗೆ, ಸಿನಿಮಾ ತಯಾರಕರು ಪ್ರೇಕ್ಷಕರ ಅಭಿರುಚಿಯನ್ನು ಮೊದಲೇ ಪರೀಕ್ಷಿಸಿಕೊಳ್ಳುವಂತೆ, ಅಭ್ಯರ್ಥಿಯು ಆಡಬೇಕಾದ ಮಾತನ್ನೂ ಜನಾಭಿಪ್ರಾಯ ಸಂಗ್ರಹದಿಂದ ಮೊದಲೇ ಪರೀಕ್ಷಿಸಬಹುದು ಎಂಬ ನಂಬಿಕೆ ಇತ್ತು. ಈ ವಿದ್ಯೆಯನ್ನು ಮಾರಲು ಗಿರಾಕಿಯನ್ನು ಹುಡುಕುತ್ತ ಅವರು 1977ರಲ್ಲಿ ಅರ್ಕನ್ಸಾ ಎಂಬ ದಕ್ಷಿಣದ ಸಂಸ್ಥಾನಕ್ಕೆ ಹೋದರು. ಅಲ್ಲಿ ಸಿಕ್ಕಿದ ತರುಣನೇ ಬಿಲ್ ಕ್ಲಿಂಟನ್. 1978ರಲ್ಲಿ ಕ್ಲಿಂಟನ್ನರು 32ನೆಯ ವಯಸ್ಸಿನಲ್ಲಿ ಆ ಸಂಸ್ಥಾನದ ಗವರ್ನರ್ ಆದರು. ಗೆದ್ದ ಮೇಲೆ ಮಾರಿಸರನ್ನು ದೂರವಿಟ್ಟರು. ರಸ್ತೆಗಳಿಗೆ ಹಣ ಬೇಕೆಂದು ವಾಹನಗಳ ಪರವಾನಗಿ ಶುಲ್ಕವನ್ನು ಏರಿಸಿದ್ದೇ ಮೊದಲಾದ ಕಾರಣಗಳಿಂದ ಜನ ಮುನಿದು, 1980ರಲ್ಲಿ ಅವರನ್ನು ಸೋಲಿಸಿದರು. ಆಗ ಮಾರಿಸರನ್ನು ಮತ್ತೆ ಕರೆಸಿದವರು ಹಿಲರಿ ಕ್ಲಿಂಟನ್. 1982ರಲ್ಲಿ ಕ್ಲಿಂಟನ್ನರು ದೂರದರ್ಶನದಲ್ಲಿ ಕಾಣಿಸಿಕೊಂಡು ಶುಲ್ಕದ ವಿಷಯದಲ್ಲಿ ತಾವು ತಪ್ಪಿದೆವೆಂದು ಜನರ ಮುಂದೆ ಹೇಳಿಕೊಂಡರು, ಮತ್ತೆ ಗೆದ್ದರು. ಮತ ಕೇಳುವುದಕ್ಕೆ ಮೊದಲು ಕ್ಷಮೆ ಕೇಳಬೇಕು ಎಂಬ ಆ ಯುಕ್ತಿಯ ಹಿಂದೆ ಇದ್ದದ್ದು ಮಾರಿಸರ ಬುದ್ಧಿ.

ಇಲ್ಲಿಯವರೆಗೆ ಅವರ ಕಸುಬನ್ನು ನಿಂದಿಸಲು ನನಗೆ ಕಾರಣ ತೋರುವುದಿಲ್ಲ. ವಕೀಲನು ಕಕ್ಷಿದಾರನಿಗೆ ದುಡಿಯುತ್ತಾನೆ. ತಂತ್ರಜ್ಞನು ಅಭ್ಯರ್ಥಿಗೆ ದುಡಿಯುತ್ತಾನೆ. ಆದರೆ ವಕೀಲನು ಒಂದೇ ಮೊಕದ್ದಮೆಯಲ್ಲಿ ಎರಡೂ ಕಡೆ ನಿಲ್ಲುವಂತಿಲ್ಲ. ಮಾರಿಸರಿಗೆ ಆ ಕಟ್ಟಳೆ ಇರಲಿಲ್ಲ. ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ನರಿಗೆ ಆಲೋಚನೆ ಹೇಳಿದ ಅವರೇ ರಿಪಬ್ಲಿಕನ್ ಪಕ್ಷದ ಟ್ರೆಂಟ್ ಲಾಟ್‌ರಂಥವರಿಗೂ ಹೇಳಿದರು. ಕೌಶಲಕ್ಕೆ ಪಕ್ಷವಿಲ್ಲ ಎಂಬುದು ಅವರ ಭಾವನೆಯಾಗಿದ್ದಿರಬೇಕು.

1994ರ ನವೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ನರ ಪಕ್ಷವು ಪ್ರತಿನಿಧಿ ಸಭೆಯಲ್ಲಿ 54 ಸ್ಥಾನಗಳನ್ನು ಕಳೆದುಕೊಂಡಿತು. 40 ವರ್ಷಗಳ ಮೇಲೆ ಆ ಸಭೆ ರಿಪಬ್ಲಿಕನ್ನರ ಕೈಗೆ ಹೋಯಿತು. ದಿಕ್ಕು ತೋಚದ ಅಧ್ಯಕ್ಷರು ತಮ್ಮ ಹಳೆಯ ಮಂತ್ರಿಯನ್ನು ಗುಟ್ಟಾಗಿ ಕರೆಸಿಕೊಂಡರು. ಶ್ವೇತಭವನದ ಇತರ ಅಧಿಕಾರಿಗಳಿಗೆ ತಿಳಿಯದಂತೆ ಮಾರಿಸರು ‘ಚಾರ್ಲಿ’ ಎಂಬ ಗುಪ್ತನಾಮದಲ್ಲಿ ಕೆಲವು ತಿಂಗಳು ಕೆಲಸ ಮಾಡಿದರು. ಅವರು ಹೇಳಿದ ಉಪಾಯಕ್ಕೆ ‘ಟ್ರಯಾಂಗುಲೇಷನ್’ ಎಂದು ಹೆಸರಾಯಿತು. ಕನ್ನಡದಲ್ಲಿ ತ್ರಿಕೋಣ ನೀತಿ ಎನ್ನಬಹುದು. ಸ್ವಪಕ್ಷವು ಒಂದು ಮೂಲೆ, ಪ್ರತಿಪಕ್ಷವು ಒಂದು ಮೂಲೆ. ಅಧ್ಯಕ್ಷರು ಎರಡಕ್ಕೂ ಮೇಲೆ ಮೂರನೆಯ ಮೂಲೆಯಲ್ಲಿ ನಿಲ್ಲಬೇಕು. ಎದುರಾಳಿಯ ಬೇಡಿಕೆಗಳಲ್ಲಿ ಜನಪ್ರಿಯವಾದುವನ್ನು ತಾವೇ ಎತ್ತಿಕೊಂಡು ಅವನ ಕೈ ಬರಿದು ಮಾಡಬೇಕು. ದೊಡ್ಡ ಸರ್ಕಾರದ ಯುಗ ಮುಗಿಯಿತೆಂದು 1996ರ ಜನವರಿಯಲ್ಲಿ ಕಾಂಗ್ರೆಸ್ಸಿನ ಮುಂದೆ ಸಾರಿದವರು ರಿಪಬ್ಲಿಕನ್ ನಾಯಕರಲ್ಲ. ಡೆಮಾಕ್ರಟಿಕ್ ಅಧ್ಯಕ್ಷ ಕ್ಲಿಂಟನ್ನರೇ.

ಜನಾಭಿಪ್ರಾಯ ಸಂಗ್ರಹದ ಆಳ್ವಿಕೆ ಎಲ್ಲಿಯವರೆಗೆ ಹೋಯಿತೆಂದರೆ, ಅಧ್ಯಕ್ಷರು ಬೇಸಗೆ ರಜೆಯನ್ನು ಎಲ್ಲಿ ಕಳೆದರೆ ಮತದಾರರಿಗೆ ಹಿತವೆಂಬುದನ್ನೂ ಅದರಿಂದಲೇ ನಿರ್ಧರಿಸಲಾಯಿತು. ಶ್ರೀಮಂತರ ದ್ವೀಪವಾದ ಮಾರ್ಥಾಸ್ ವಿನ್‌ಯಾರ್ಡನ್ನು ಬಿಟ್ಟು ಕ್ಲಿಂಟನ್ನರು 1995ರಲ್ಲಿ ವಯೋಮಿಂಗ್ ಸಂಸ್ಥಾನದ ಬೆಟ್ಟಗಳಿಗೆ ಹೋದರು. ರಜೆಯ ವಿಷಯವನ್ನು ನಕ್ಕು ಮರೆಯಬಹುದು. ಆದರೆ ಅದೇ ಅಳತೆಗೋಲಿನಿಂದ ಬಡವರ ಅನ್ನವನ್ನು ಅಳೆದ ಸಂದರ್ಭವನ್ನು ಮರೆಯುವಂತಿಲ್ಲ.

1935ರಿಂದ ಅಮೆರಿಕದಲ್ಲಿ ಬಡ ತಾಯಂದಿರಿಗೂ ಮಕ್ಕಳಿಗೂ ಕೇಂದ್ರ ಸರ್ಕಾರದ ಸಹಾಯಧನದ ಭರವಸೆ ಇತ್ತು. ಅದನ್ನು ರದ್ದುಮಾಡಿ, ಜೀವಮಾನದಲ್ಲಿ ಒಟ್ಟು 60 ತಿಂಗಳ ಮಿತಿಯನ್ನೂ ದುಡಿಮೆಯ ಷರತ್ತನ್ನೂ ಹಾಕುವ ಮಸೂದೆಯನ್ನು ರಿಪಬ್ಲಿಕನ್ನರು ಮುಂದಿಟ್ಟರು. ಕ್ಲಿಂಟನ್ನರು ಎರಡು ಬಾರಿ ತಡೆದರು. ಮೂರನೆಯ ಬಾರಿ ಬಂದಾಗ, ತಡೆದರೆ ಚುನಾವಣೆಯಲ್ಲಿ ಸೋಲಬೇಕಾಗುತ್ತದೆ ಎಂದು ಎಚ್ಚರಿಸಿ, ಸಹಿ ಮಾಡಿರೆಂದು ಒತ್ತಾಯಿಸಿದವರು ಮಾರಿಸ್. 1996ರ ಆಗಸ್ಟ್ 22ರಂದು ಸಹಿಯಾಯಿತು. ಆ ಕಾನೂನಿನಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬ ವಾದ ಅಲ್ಲಿ ಮುಂದೆಯೂ ನಡೆಯಿತು. ನನ್ನ ಮಾತು ಅದಲ್ಲ. ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆಯಲ್ಲಿ ಉಚ್ಚಾಧಿಕಾರಿಯಾಗಿದ್ದ ಪೀಟರ್ ಎಡೆಲ್ಮನ್ ಎಂಬುವರು ಈ ಕಾನೂನನ್ನು ಒಪ್ಪಲಾರದೆ ರಾಜೀನಾಮೆ ಕೊಟ್ಟು ಹೊರನಡೆದರು. ಒಬ್ಬರು ಕೇಳಿದ್ದು, ಇದು ನ್ಯಾಯವೆ ಎಂಬ ಪ್ರಶ್ನೆ. ಮತ್ತೊಬ್ಬರು ಕೇಳಿದ್ದು, ಇದರಿಂದ ಎಷ್ಟು ಮತ ಎಂಬ ಪ್ರಶ್ನೆ. ಶುಲ್ಕ ವಿನಾಯಿತಿಯಿಂದಲೂ ವಿದ್ಯಾರ್ಥಿವೇತನದಿಂದಲೂ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವನಿಗೆ ಈ ಎರಡು ಪ್ರಶ್ನೆಗಳ ನಡುವಣ ಅಂತರ ಪುಸ್ತಕದ ವಿಷಯವಾಗಿ ಮಾತ್ರ ಕಾಣುವುದಿಲ್ಲ. ಯಾವುದೋ ಊರಿನ ಯಾವುದೋ ಕೋಣೆಯಲ್ಲಿ ಯಾರೋ ಒಬ್ಬರು ಶೇಕಡಾ ಲೆಕ್ಕ ನೋಡಿ ಹೇಳುವ ಮಾತಿನ ಮೇಲೆ ಇನ್ನೆಲ್ಲೋ ಒಂದು ಮನೆಯ ಒಲೆ ಉರಿಯುವುದೂ ಆರುವುದೂ ನಿಂತಿರುತ್ತದೆ.

ಸಹಿಯಾದ ಒಂದು ವಾರಕ್ಕೆ ಮಾರಿಸರ ಪತನವಾಯಿತು. ಆಗಸ್ಟ್ 29ರಂದು, ಷಿಕಾಗೋ ನಗರದಲ್ಲಿ ಕ್ಲಿಂಟನ್ನರು ಪಕ್ಷದ ಉಮೇದುವಾರಿಕೆಯನ್ನು ಸ್ವೀಕರಿಸಿ ಭಾಷಣ ಮಾಡಬೇಕಾಗಿದ್ದ ದಿನವೇ, ಹಣಕ್ಕಾಗಿ ಬರುತ್ತಿದ್ದ ಹೆಂಗಸೊಬ್ಬಳೊಡನೆ ಮಾರಿಸರಿಗೆ ಸಂಬಂಧವಿದೆಯೆಂದೂ ಅಧ್ಯಕ್ಷರ ದೂರವಾಣಿ ಸಂಭಾಷಣೆಯನ್ನು ಆಕೆಗೆ ಕೇಳಿಸಿದ್ದರೆಂದೂ ಒಂದು ಪತ್ರಿಕೆ ಪ್ರಕಟಿಸಿತು. ಅವರು ರಾಜೀನಾಮೆ ಕೊಟ್ಟರು. ಅದೇ ವಾರ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರವಿತ್ತು. ಒಬ್ಬರ ಖಾಸಗಿ ನಡತೆಯನ್ನು ಕೆದಕುವುದು ಈ ಲೇಖನದ ಕೆಲಸವಲ್ಲ. ನವೆಂಬರಿನಲ್ಲಿ ಕ್ಲಿಂಟನ್ನರು 379 ನಿರ್ವಾಚಕ ಮತಗಳನ್ನು ಪಡೆದು ಗೆದ್ದರು. ಎದುರಾಳಿ ಬಾಬ್ ಡೋಲ್‌ರಿಗೆ 159 ಸಿಕ್ಕವು. ಮಂತ್ರಿ ಹೊರಗೆ ಹೋದರೂ ಮಂತ್ರ ಫಲಿಸಿತ್ತು.

ಇಲ್ಲಿಂದ ಮಾರಿಸರ ಎರಡನೆಯ ಜೀವನ ಆರಂಭವಾಗುತ್ತದೆ. ಅದೇ 1996ರ ಅಕ್ಟೋಬರಿನಲ್ಲಿ ಫಾಕ್ಸ್ ನ್ಯೂಸ್ ಎಂಬ ಸುದ್ದಿವಾಹಿನಿ ಹುಟ್ಟಿತು. ಅದನ್ನು ಕಟ್ಟಿದ ರೋಜರ್ ಏಲ್ಸ್‌ರು ಕೂಡ 1968ರಲ್ಲಿ ನಿಕ್ಸನ್ನರಿಗೂ 1988ರಲ್ಲಿ ಹಿರಿಯ ಬುಷ್‌ರಿಗೂ ಚುನಾವಣೆಯಲ್ಲಿ ನೆರವಾಗಿದ್ದ ತಂತ್ರಜ್ಞರೇ. ಕೆಲಕಾಲದಲ್ಲಿ ಮಾರಿಸರು ಆ ವಾಹಿನಿಯ ವ್ಯಾಖ್ಯಾನಕಾರರಾದರು. ಕ್ಲಿಂಟನ್ ದಂಪತಿಗಳ ಅಂತರಂಗ ಬಲ್ಲವರೆಂಬುದೇ ಅವರ ಬಂಡವಾಳ. ಹಿಂದೆ ತಮ್ಮನ್ನು ಕರೆಸಿ ಅನ್ನ ಕೊಟ್ಟ ಹಿಲರಿಯವರ ಮೇಲೆ 2004ರಲ್ಲಿ ‘ರೀರೈಟಿಂಗ್ ಹಿಸ್ಟರಿ’ ಎಂಬ ಖಂಡನಗ್ರಂಥ ಬರೆದರು. 2005ರಲ್ಲಿ ಪತ್ನಿಯೊಡನೆ ‘ಕಾಂಡಿ ವರ್ಸಸ್ ಹಿಲರಿ’ ಎಂಬ ಪುಸ್ತಕ ಬರೆದು, ಮುಂದಿನ ಅಧ್ಯಕ್ಷ ಚುನಾವಣೆಯು ಕಾಂಡೊಲೀಜಾ ರೈಸ್ ಮತ್ತು ಹಿಲರಿ ಕ್ಲಿಂಟನ್ನರ ನಡುವಣ ಮಹಾಸ್ಪರ್ಧೆಯಾಗುವುದೆಂದು ಚಿತ್ರಿಸಿದರು. 2008 ಬಂದಾಗ ಕಣದಲ್ಲಿ ನಿಂತವರು ಬರಾಕ್ ಒಬಾಮ ಮತ್ತು ಜಾನ್ ಮೆಕೇನ್. ಆದರೂ ಮಾರಿಸರ ಪೀಠ ಅಲುಗಲಿಲ್ಲ. ಭವಿಷ್ಯ ಸುಳ್ಳಾದರೆ ಪಂಚಾಂಗದವನ ದಕ್ಷಿಣೆ ಕಡಮೆಯಾದೀತು; ದೂರದರ್ಶನದಲ್ಲಿ ಹಾಗಾಗುವುದಿಲ್ಲವೆಂದು ಕಾಣುತ್ತದೆ.

ಅವರ ವೃತ್ತಿಯ ನಿಜವಾದ ಪರೀಕ್ಷೆ ನಡೆದದ್ದು 2012ರಲ್ಲಿ. ಒಬಾಮರ ಎದುರು ರಿಪಬ್ಲಿಕನ್ ಪಕ್ಷದಿಂದ ಮಿಟ್ ರಾಮ್ನಿ ನಿಂತಿದ್ದರು. ಬಹುಪಾಲು ಜನಾಭಿಪ್ರಾಯ ಸಂಗ್ರಹಗಳು ಒಬಾಮರು ಸ್ವಲ್ಪ ಮುಂದಿದ್ದಾರೆಂದು ತೋರಿಸುತ್ತಿದ್ದವು. ಈ ಲೆಕ್ಕಗಳು 2008ರ ಉತ್ಸಾಹವೇ ಮತ್ತೆ ಬರುವುದೆಂದು ತಪ್ಪಾಗಿ ಊಹಿಸಿಕೊಂಡಿವೆ, ಅಷ್ಟು ಮಂದಿ ಕರಿಯರೂ ತರುಣರೂ ಈ ಸಲ ಮತಗಟ್ಟೆಗೆ ಬರುವುದಿಲ್ಲ ಎಂದು ಮಾರಿಸರು ವಾದಿಸಿದರು. ರಾಮ್ನಿಯವರಿಗೆ ಭಾರಿ ಜಯವೆಂದು ಪರದೆಯ ಮೇಲೆ ಮತ್ತೆ ಮತ್ತೆ ಸಾರಿದರು. ರಾಮ್ನಿಗೆ 325, ಒಬಾಮರಿಗೆ 213 ಎಂದು ಅಂಕಿ ಸಮೇತ ಬರೆದರು. ಫಲಿತಾಂಶ ಬಂದಾಗ ಒಬಾಮರಿಗೆ 332, ರಾಮ್ನಿಗೆ 206. ಯಾವ ಅಂತಃಪುರದ ಗುಟ್ಟನ್ನೂ ಅರಿಯದೆ ಕೇವಲ ಸಮೀಕ್ಷೆಗಳನ್ನು ಕೂಡಿ ಕಳೆದು ಲೆಕ್ಕ ಹಾಕಿದ ನೇಟ್ ಸಿಲ್ವರ್ ಎಂಬ ಸಂಖ್ಯಾಶಾಸ್ತ್ರಜ್ಞರ ಊಹೆಯು 50 ಸಂಸ್ಥಾನಗಳಲ್ಲಿಯೂ ಸರಿಯಾಗಿತ್ತು.

ಊಹೆ ತಪ್ಪುವುದು ಅಪರಾಧವಲ್ಲ. ಮಳೆಯ ಲೆಕ್ಕ ಹಾಕುವವನೂ ತಪ್ಪುತ್ತಾನೆ, ವೈದ್ಯನೂ ತಪ್ಪುತ್ತಾನೆ. ಮತದಾರರ ಹಾಜರಿಯನ್ನು ತಪ್ಪಾಗಿ ಎಣಿಸಿದೆನೆಂದು ಮಾರಿಸರು ಮರುದಿನವೇ ಒಪ್ಪಿಕೊಂಡರು. ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಅದೇ ವಾಹಿನಿಯಲ್ಲಿ ಅವರು ಮತ್ತೊಂದು ಸಮಜಾಯಿಷಿ ಕೊಟ್ಟರು. ರಾಮ್ನಿಯವರ ಪ್ರಚಾರ ಕುಸಿಯುತ್ತಿತ್ತು, ಬೆಂಬಲಿಗರು ಧೈರ್ಯಗೆಡುತ್ತಿದ್ದರು, ಗೆಲುವು ಸಾಧ್ಯವೆಂದು ಯಾರೂ ನಂಬದಿದ್ದ ಆ ಹೊತ್ತಿನಲ್ಲಿ ಹಾಗೆ ಹೇಳುವುದು ತಮ್ಮ ಕರ್ತವ್ಯವೆಂದು ತಮಗೆ ತೋರಿತು ಎಂಬುದು ಆ ಮಾತಿನ ಸಾರಾಂಶ. 2013ರ ಫೆಬ್ರವರಿಯಲ್ಲಿ ಫಾಕ್ಸ್ ವಾಹಿನಿಯು ಅವರ ಕರಾರನ್ನು ಮುಂದುವರಿಸದೆ ಕೈಬಿಟ್ಟಿತು.

ಈ ಸಮಜಾಯಿಷಿಯಲ್ಲಿರುವ ‘ಕರ್ತವ್ಯ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಯಾರಿಗೆ ಸಲ್ಲಬೇಕಾದ ಕರ್ತವ್ಯ? ಸೋಲುತ್ತಿರುವ ಸೈನ್ಯಕ್ಕೆ ಧೈರ್ಯ ತುಂಬುವುದು ಸೇನಾಪತಿಯ ಮಂತ್ರಿಗೆ ಕರ್ತವ್ಯವೇ ಸರಿ. ಆದರೆ ಯುದ್ಧದ ವಾರ್ತೆ ಹೇಳಲು ನಿಯಮಿತನಾದವನಿಗೆ ಅದು ಕರ್ತವ್ಯವಲ್ಲ. ಮಾರಿಸರು ಕುರ್ಚಿಯನ್ನು ಬದಲಿಸಿದರು, ಕಸುಬನ್ನು ಬದಲಿಸಲಿಲ್ಲ. ಮೊದಲು ಅಭ್ಯರ್ಥಿಯಿಂದ ಕೂಲಿ ಪಡೆದು ಅವನ ಪರವಾಗಿ ಮಾತನ್ನು ಹೊಸೆಯುತ್ತಿದ್ದರು. ಆಮೇಲೆ ಅದೇ ಹೊಸೆದ ಮಾತನ್ನು ವಾರ್ತೆಯ ಬುಟ್ಟಿಯಲ್ಲಿಟ್ಟು ಕೊಟ್ಟರು. ಕೊಂಡವನಿಗೆ ಅದು ಇನ್ನೊಂದು ಸರಕೆಂಬುದು ತಿಳಿಯಲಿಲ್ಲ. ನನ್ನ ಆಕ್ಷೇಪಣೆಯೆಲ್ಲ ಇಷ್ಟೇ.

ಮಹಾಭಾರತ ಬಲ್ಲ ನಮಗೆ ಈ ಭೇದ ಹೊಸದಲ್ಲ. ವಿದುರನು ಮಂತ್ರಿ, ರಾಜನ ಹಿತವನ್ನು ಚಿಂತಿಸಿ ಹೇಳುವುದು ಅವನ ಕೆಲಸ. ಸಂಜಯನು ವಾರ್ತೆ ಹೇಳುವವನು. ಅವನು ಉಂಡದ್ದು ಧೃತರಾಷ್ಟ್ರನ ಅನ್ನ. ಅವನೆದುರು ಕುಳಿತಿದ್ದವನು ಕುರುಡನಾದ ತಂದೆ. ಕೇಳುವ ಪ್ರಶ್ನೆಯಲ್ಲಿಯೇ ತನ್ನವರು ಬೇರೆ, ಪಾಂಡುವಿನವರು ಬೇರೆ ಎಂಬ ಭೇದವನ್ನಿಟ್ಟುಕೊಂಡು ಕೇಳಿದವನು. ಅವನಿಗೆ ಹಿತವಾಗಲೆಂದು ದುರ್ಯೋಧನನೇ ಗೆಲ್ಲುತ್ತಾನೆಂದು ಹೇಳುವುದು ಸಂಜಯನಿಗೆ ಎಷ್ಟು ಸುಲಭವಾಗಿತ್ತು! ಅವನು ಹಾಗೆ ಮಾಡಲಿಲ್ಲ. ಭೀಷ್ಮನು ಬಿದ್ದಾಗ ಬಿದ್ದನೆಂದನು. ದ್ರೋಣನು ಅಳಿದಾಗ ಅಳಿದನೆಂದನು. ಮಕ್ಕಳು ಒಬ್ಬೊಬ್ಬರಾಗಿ ಸತ್ತದ್ದನ್ನು ತಂದೆಗೆ ಒಬ್ಬೊಬ್ಬರಾಗಿಯೇ ಹೇಳಿದನು. ವ್ಯಾಸರು ಕೊಟ್ಟ ದಿವ್ಯದೃಷ್ಟಿ ಅವನ ಕಣ್ಣಿಗೆ ಮಾತ್ರ. ಕಂಡದ್ದನ್ನು ಕಂಡಂತೆ ಹೇಳುವ ಎದೆ ಅವನದೇ. ಇಂದು ದಿವ್ಯದೃಷ್ಟಿ ಅಗ್ಗವಾಗಿದೆ. ಪ್ರತಿಯೊಂದು ವಾಹಿನಿಯಲ್ಲಿಯೂ ಅದಕ್ಕೆ ಯಂತ್ರಗಳಿವೆ. ಕೊರತೆಯಾಗಿರುವುದು ಆ ಎದೆ.

ಹಾಗೆಂದು ದೂರದರ್ಶನದ ಮನೆಯಲ್ಲಿ ಸಂಜಯರೇ ಇಲ್ಲವೆಂದಲ್ಲ. ಅದೇ 2012ರ ಮತ ಎಣಿಕೆಯ ರಾತ್ರಿ ಫಾಕ್ಸ್ ವಾಹಿನಿಯ ಲೆಕ್ಕಿಗರು ಓಹಾಯೋ ಸಂಸ್ಥಾನವನ್ನು ಒಬಾಮ ಗೆದ್ದರೆಂದು ಘೋಷಿಸಿದರು. ಹಿಂದೆ ಕಿರಿಯ ಬುಷ್‌ರನ್ನು ಗೆಲ್ಲಿಸಿದ್ದ ತಂತ್ರಜ್ಞ ಕಾರ್ಲ್ ರೋವ್, ಆಗ ಆ ವಾಹಿನಿಯ ವ್ಯಾಖ್ಯಾನಕಾರರು, ಇದು ಅವಸರವೆಂದು ಪರದೆಯ ಮೇಲೆಯೇ ತಕರಾರು ತೆಗೆದರು. ನಿರೂಪಕಿ ಮೆಗಿನ್ ಕೆಲ್ಲಿಯವರು ಎದ್ದು, ಕ್ಯಾಮೆರಾ ಹಿಂಬಾಲಿಸುತ್ತಿರಲು, ಮೊಗಸಾಲೆಯುದ್ದಕ್ಕೂ ನಡೆದುಹೋಗಿ ಲೆಕ್ಕಿಗರನ್ನೇ ಕೇಳಿದರು. ಅವರು ತಮ್ಮ ಮಾತನ್ನು ಬದಲಿಸಲಿಲ್ಲ. ಒಂದೇ ಕಟ್ಟಡ, ಒಂದೇ ಸಂಬಳದ ಪಟ್ಟಿ. ಒಂದು ಕೋಣೆಯಲ್ಲಿ ಮಂತ್ರಿಯ ಮಾತು, ಇನ್ನೊಂದು ಕೋಣೆಯಲ್ಲಿ ಸಂಜಯನ ಮಾತು.

ಕೇಳುವವರಿಗೆ ಹಿತವಾದುದನ್ನೇ ಹೇಳುವ ಚಾಳಿ ಬೆಳೆದರೆ ಏನಾಗುವುದೆಂಬುದಕ್ಕೂ ಅಲ್ಲಿಯೇ ದೃಷ್ಟಾಂತ ದೊರೆಯಿತು. 2020ರ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಸೋತ ಮೇಲೆ, ಮತಯಂತ್ರಗಳಲ್ಲಿ ಮೋಸವಾಯಿತೆಂಬ ಆಧಾರವಿಲ್ಲದ ಆರೋಪಗಳು ಫಾಕ್ಸ್ ವಾಹಿನಿಯಲ್ಲಿ ಪ್ರಸಾರವಾದವು. ಡೊಮಿನಿಯನ್ ಎಂಬ ಮತಯಂತ್ರ ಸಂಸ್ಥೆ ದಾವಾ ಹೂಡಿತು. ಆ ಆರೋಪಗಳನ್ನು ವಾಹಿನಿಯ ಕೆಲವು ನಿರೂಪಕರೂ ಅಧಿಕಾರಿಗಳೂ ತಮ್ಮತಮ್ಮಲ್ಲಿ ನಂಬಿರಲಿಲ್ಲವೆಂಬುದು ನ್ಯಾಯಾಲಯಕ್ಕೆ ಬಂದ ಕಾಗದಪತ್ರಗಳಿಂದ ಹೊರಬಿತ್ತು. 2023ರ ಏಪ್ರಿಲಿನಲ್ಲಿ ವಾಹಿನಿಯು 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಮಾರಿಸರು 2013ರಲ್ಲಿಯೇ ಅಲ್ಲಿಂದ ಹೊರಬಿದ್ದಿದ್ದರು. ಈ ದಾವೆಗೂ ಅವರಿಗೂ ಸಂಬಂಧವಿಲ್ಲ. ಆದರೆ ರೋಗದ ಜಾತಿ ಒಂದೇ. ಗೆಲುವು ನಮ್ಮದೇ ಎಂದು ತಿಂಗಳುಗಟ್ಟಲೆ ಕೇಳಿಸಿಕೊಂಡವನು ಸೋತಾಗ ಸೋಲನ್ನು ನಂಬುವುದಿಲ್ಲ, ಎಣಿಕೆಯನ್ನು ಸಂಶಯಿಸುತ್ತಾನೆ. ಎಣಿಕೆಯ ಮೇಲೆ ನಂಬಿಕೆ ಹೋದ ಕಡೆ ಪ್ರಜಾಪ್ರಭುತ್ವಕ್ಕೆ ಉಳಿಯುವುದು ಹೆಸರು ಮಾತ್ರ.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದುದೂ ಉಂಟು. ಅಡಿಗೆಮನೆ ಬಲ್ಲವನೇ ಅಡಿಗೆಯ ರುಚಿ ಹೇಳಲು ಅರ್ಹನಲ್ಲವೆ? ಚುನಾವಣೆ ನಡೆಸಿದ ಅನುಭವವಿಲ್ಲದವನ ವ್ಯಾಖ್ಯಾನಕ್ಕಿಂತ ನಡೆಸಿದವನ ವ್ಯಾಖ್ಯಾನ ಮೇಲಲ್ಲವೆ? ಇದು ನಿಜ. 1982ರ ಕ್ಷಮಾಯಾಚನೆಯ ಮರ್ಮವನ್ನು ಮಾರಿಸರಷ್ಟು ಚೆನ್ನಾಗಿ ಯಾವ ಪ್ರೊಫೆಸರರೂ ವಿವರಿಸಲಾರರು. ಅವರ ಭವಿಷ್ಯವಾಣಿಗಳೆಲ್ಲವೂ ಸುಳ್ಳಾದುವೆಂದು ಹೇಳುವುದೂ ಅನ್ಯಾಯ. ಟ್ರಂಪ್ ಮರಳಿ ಬರುತ್ತಾರೆಂದು ಅವರು 2022ರಲ್ಲಿ ಪುಸ್ತಕ ಬರೆದರು, 2024ರಲ್ಲಿ ಟ್ರಂಪ್ ಗೆದ್ದರು. ಆದರೆ ಒಂದೇ ಕಡೆಗೆ ವಾಲಿದ ತಕ್ಕಡಿಯೂ ಕೆಲವೊಮ್ಮೆ ಸರಿಯಾದ ತೂಕ ತೋರಿಸುತ್ತದೆ. ಅಂಗಡಿಯವನ ಪ್ರಾಮಾಣಿಕತೆಯನ್ನು ಅದರಿಂದ ನಿರ್ಣಯಿಸಲಾಗದು.

ಅನುಭವಸ್ಥರನ್ನು ಹೊರಗಿಡಬೇಕೆಂಬುದು ನನ್ನ ಸಲಹೆಯಲ್ಲ. ಅವರು ಯಾರ ಋಣದಲ್ಲಿದ್ದಾರೆಂಬುದನ್ನು ಕೇಳುವವರಿಗೆ ಮೊದಲೇ ಹೇಳಬೇಕು. ಇದೂ ಅಮೆರಿಕದಿಂದಲೇ ಕಲಿಯತಕ್ಕ ಪಾಠ. ಕ್ಲಿಂಟನ್ನರ ಇನ್ನೊಬ್ಬ ಸಲಹೆಗಾರ ಜಾರ್ಜ್ ಸ್ಟೆಫನಾಪುಲಸ್ ಕೂಡ ಶ್ವೇತಭವನದಿಂದ ದೂರದರ್ಶನಕ್ಕೆ ಹೋಗಿ, ಎ.ಬಿ.ಸಿ. ವಾಹಿನಿಯಲ್ಲಿ ಗಣ್ಯ ನಿರೂಪಕರಾದರು. ಅವರು ಕ್ಲಿಂಟನ್ ಪ್ರತಿಷ್ಠಾನಕ್ಕೆ 75,000 ಡಾಲರ್ ದಾನ ಮಾಡಿದ್ದು 2015ರಲ್ಲಿ ಬಯಲಾಯಿತು. ದಾನ ಕೊಟ್ಟದ್ದಕ್ಕಿಂತ ಅದನ್ನು ಪ್ರೇಕ್ಷಕರಿಗೆ ತಿಳಿಸದಿದ್ದದ್ದು ತಪ್ಪೆಂದು ಅವರು ಕ್ಷಮೆ ಕೇಳಿ, ರಿಪಬ್ಲಿಕನ್ ಅಭ್ಯರ್ಥಿಗಳ ಚರ್ಚೆಯೊಂದನ್ನು ನಡೆಸುವ ಹೊಣೆಯಿಂದ ಹಿಂದೆ ಸರಿದರು. ಹಳೆಯ ಋಣ ಇರಬಾರದೆಂದು ಯಾರೂ ಹೇಳುವುದಿಲ್ಲ. ಮುಚ್ಚಿಡಬಾರದು, ಅಷ್ಟೆ.

ನಮ್ಮ ತಂದೆಯವರು ಅಕ್ಷರ ಬಲ್ಲವರಲ್ಲ. ಆದರೆ ಈ ಸೂಕ್ಷ್ಮ ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಸೀಮೆಯ ದನಗಳ ಜಾತ್ರೆಯಲ್ಲಿ ದಲ್ಲಾಳಿಯು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಎತ್ತಿನ ವಿಷಯ ಅವನಿಗಿಂತ ಬಲ್ಲವರು ಜಾತ್ರೆಯಲ್ಲಿ ಯಾರೂ ಇಲ್ಲ. ಆದರೆ ಅವನ ದಲ್ಲಾಳಿ ಹಣ ಎತ್ತು ಮಾರಾಟವಾದರೆ ಮಾತ್ರ ಹುಟ್ಟುತ್ತದೆ. “ದಲ್ಲಾಳಿ ಹೇಳಿದ್ದೆಲ್ಲಾ ಕೇಳ್ಕೊ ಮಗಾ, ಹಲ್ಲು ಮಾತ್ರ ನೀನೇ ಎಣಿಸು” ಎಂದು ತಂದೆಯವರು ನನಗೆ ಹೇಳಿಕೊಟ್ಟಿದ್ದಾರೆ. ದಲ್ಲಾಳಿಯನ್ನು ಅವರು ದ್ವೇಷಿಸುವುದಿಲ್ಲ. ಜೊತೆಯಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ. ಅವನು ದಲ್ಲಾಳಿಯೆಂದು ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ಮೋಸವಿಲ್ಲ. ದಲ್ಲಾಳಿಯೇ ಪಶುವೈದ್ಯನ ಅಂಗಿ ತೊಟ್ಟು ಬಂದರೆ ಮಾತ್ರ ರೈತ ಕೆಟ್ಟನು.

ಇದು ಕೇವಲ ಪರದೇಶದ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. 2024ರ ಲೋಕಸಭಾ ಚುನಾವಣೆಯ ಕೊನೆಯ ದಿನ, ಜೂನ್ 1ರ ಸಂಜೆ, ಹಲವು ಮತಗಟ್ಟೆ ಸಮೀಕ್ಷೆಗಳು ಆಳುವ ಮೈತ್ರಿಕೂಟಕ್ಕೆ 350ಕ್ಕೂ ಹೆಚ್ಚು ಸ್ಥಾನಗಳೆಂದು ಹೇಳಿದವು. ಜೂನ್ 4ರಂದು ಬಂದದ್ದು 293. ಚುನಾವಣಾ ತಂತ್ರಜ್ಞರೆಂದು ದೇಶದಲ್ಲೆಲ್ಲ ಹೆಸರಾದ ಪ್ರಶಾಂತ್ ಕಿಶೋರ್ ಅವರು ಭಾರತೀಯ ಜನತಾ ಪಕ್ಷಕ್ಕೆ 300ರ ಆಸುಪಾಸು ಎಂದು ಸಂದರ್ಶನಗಳಲ್ಲಿ ಹೇಳಿದ್ದರು, ಬಂದದ್ದು 240. ಅವರು ತಪ್ಪನ್ನು ಒಪ್ಪಿಕೊಂಡು, ಇನ್ನು ಮುಂದೆ ಸ್ಥಾನಗಳ ಅಂಕಿ ಹೇಳುವುದಿಲ್ಲವೆಂದರು. ಕರ್ತವ್ಯಕ್ಕಾಗಿ ಹೇಳಿದೆನೆನ್ನದೆ ತಪ್ಪಿದೆನೆಂದದ್ದು ಮೆಚ್ಚತಕ್ಕ ಮಾತು. ಆದರೆ ಜೂನ್ 1ಕ್ಕೂ ಜೂನ್ 4ಕ್ಕೂ ನಡುವೆ ನಮ್ಮ ಊರಿನ ಅರಳೀಕಟ್ಟೆಯ ಮೇಲೆ ಪರದೆಯ ಅಂಕಿಗಳೇ ವೇದವಾಕ್ಯವಾಗಿದ್ದುವೆಂಬುದನ್ನು ನಾನು ಕಣ್ಣಾರೆ ಕಂಡೆನು.

ಈ ಸ್ಥಿತಿಯಲ್ಲಿ ವಿದ್ಯಾವಂತರಾದ ನಮ್ಮ ಹೊಣೆ ಏನು? ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಅನೇಕರು ತಮ್ಮ ಮನೆಗೆ ಮೊದಲನೆಯ ಪದವೀಧರರು. ಊರಿಗೆ ಹೋದಾಗ ಹಿರಿಯರು ಕರೆದು ಕೂರಿಸಿಕೊಂಡು, “ಓದಿದೋನು, ನೀನು ಹೇಳಪ್ಪ, ಯಾರು ಗೆಲ್ತಾರೆ?” ಎಂದು ಕೇಳುತ್ತಾರೆ. ಆ ಹೊತ್ತಿನಲ್ಲಿ ಅರಿತೋ ಅರಿಯದೆಯೋ ನಾವೇ ವ್ಯಾಖ್ಯಾನಕಾರರಾಗಿರುತ್ತೇವೆ. ನಮ್ಮ ಜಾತಿಯವರೋ ನಮ್ಮ ಮೆಚ್ಚಿನವರೋ ಗೆಲ್ಲುತ್ತಾರೆಂದು ಹೇಳಿ ಅವರನ್ನು ಸಂತೋಷಪಡಿಸುವುದು ಸುಲಭ. ಹಾಗೆ ಮಾಡಿದರೆ ನಮಗೂ ಮಾರಿಸರಿಗೂ ಸಂಬಳದ ವ್ಯತ್ಯಾಸ ಮಾತ್ರ. ಹೇಳಿದವನು ಯಾರು, ಹಿಂದೆ ಯಾರಿಗಾಗಿ ದುಡಿದವನು, ಅವನ ಲೆಕ್ಕದ ಆಧಾರವೇನು ಎಂಬ ಮೂರು ಪ್ರಶ್ನೆಗಳನ್ನು ಅವರ ಮುಂದಿಟ್ಟು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿದರೆ ನಮ್ಮ ಓದಿಗೆ ಬೆಲೆ ಬಂದಂತಾಯಿತು.

ಅಧ್ಯಾಪಕವರ್ಗದವರಲ್ಲಿಯೂ ಒಂದು ವಿಜ್ಞಾಪನೆ. ರಾಜ್ಯಶಾಸ್ತ್ರದ ತರಗತಿಯಲ್ಲಿ ಸಂವಿಧಾನದ ವಿಧಿಗಳನ್ನು ಕಲಿಸುವಂತೆ, ಒಂದು ಸಮೀಕ್ಷೆಯನ್ನು ಹೇಗೆ ಓದಬೇಕು, ಒಂದು ವ್ಯಾಖ್ಯಾನದಲ್ಲಿ ಸುದ್ದಿ ಎಷ್ಟು, ಆಸೆ ಎಷ್ಟು ಎಂದು ಹೇಗೆ ಬೇರ್ಪಡಿಸಬೇಕೆಂಬುದನ್ನೂ ಕಲಿಸಿಕೊಡಬೇಕು. ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳಿಲ್ಲದಿರಬಹುದು. ಆದರೆ ಈ ಕಾಲೇಜನ್ನು ಬಿಟ್ಟ ಮೇಲೆ ಐದು ವರ್ಷಕ್ಕೊಮ್ಮೆ ನಾವು ಬರೆಯಲೇಬೇಕಾದ ಪರೀಕ್ಷೆ ಅದೊಂದೇ.